ಅಮೆರಿಕದ ಕೇಸು, ಪೀಣ್ಯದ ದುಡ್ಡು: ಡಾಕ್ಯುಮೆಂಟ್ ರಿವ್ಯೂ ಬಿಲ್ ಇಳಿಸುವುದು ಹೇಗೆ?

ಪೀಣ್ಯ ಲೆಕ್ಕ · ಸೋಮವಾರ ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನಾನು ವಕೀಲ ಅಲ್ಲ, ಅಕೌಂಟ್ಸ್ ನೋಡಿಕೊಳ್ಳುವವನು. ಪೀಣ್ಯದಲ್ಲಿ ವಾಲ್ವ್ ತಯಾರಿಸುವ ಕಂಪನಿ ನಮ್ಮದು. ಅಮೆರಿಕದಲ್ಲಿ ನಮ್ಮ ಮಾಲು ಮಾರುತ್ತಿದ್ದ ಡಿಸ್ಟ್ರಿಬ್ಯೂಟರ್ ಒಬ್ಬರು ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ನಮ್ಮ ಮೇಲೆ ಕೇಸು ಹಾಕಿದ್ದಾರೆ. ‘ನಮಗೊಬ್ಬರಿಗೇ ಕೊಡುತ್ತೇವೆ ಅಂತ ಬರೆದುಕೊಟ್ಟು ಬೇರೆಯವರಿಗೂ ಮಾರಿದಿರಿ’ ಎನ್ನುವುದು ಅವರ ದೂರು. ಕೇಸಿನ ಸರಿ ತಪ್ಪು ಇಲ್ಲಿ ಬೇಡ. ನನ್ನ ಗೋಳು ಬಿಲ್ಲಿನದು.

ಹೋದ ತಿಂಗಳ ಬಿಲ್ 61,000 ಡಾಲರ್. ಅದರಲ್ಲಿ ಸುಮಾರು 44,000 ಡಾಕ್ಯುಮೆಂಟ್ ರಿವ್ಯೂ. ಅಂದರೆ ಎದುರು ಪಾರ್ಟಿಗೆ ಕೊಡುವ ಮುಂಚೆ ನಮ್ಮದೇ ಇಮೇಲ್‌ಗಳನ್ನು ನಮ್ಮದೇ ವಕೀಲರು ಓದಿದ್ದಕ್ಕೆ! ಒಂದು ಸಾಲು ಕನ್ನಡಕ್ಕೆ ಇಳಿಸಿ ಹಾಕುತ್ತೇನೆ:

“ಅಕ್ಟೋಬರ್ 14. ಇಮೇಲ್ ಪರಿಶೀಲನೆ, ತಂಡದ ಜೊತೆ ಚರ್ಚೆ, ಪ್ರಿವಿಲೆಜ್ ಬಗ್ಗೆ ಓದು, ಎದುರು ವಕೀಲರಿಗೆ ಪತ್ರದ ಕರಡು. 9.6 ಗಂಟೆ, ದರ 410, ಒಟ್ಟು 3,936 ಡಾಲರ್.”

(ಪ್ರಿವಿಲೆಜ್ ಅಂದರೆ ವಕೀಲರ ಜೊತೆಗಿನ ಗುಟ್ಟಿನ ಮಾತು, ಎದುರಿನವರಿಗೆ ತೋರಿಸಬೇಕಿಲ್ಲ.) ಇಂಥ ಸಾಲುಗಳೇ ಎಂಟು ಪುಟ. ಇದರ ಮೇಲೆ ಡೇಟಾ ಇಟ್ಟುಕೊಂಡಿರುವ ವೆಂಡರ್ ಬಿಲ್ ಬೇರೆ: 180 ಜಿಬಿ, ಜಿಬಿಗೆ ತಿಂಗಳಿಗೆ 12 ಡಾಲರ್. ಯಜಮಾನರು ಬಿಲ್ ನೋಡಿ ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ದರ ಇಳಿಸಿ ಅಂತ ಕೇಳಿದರೆ ಸಾಕಾ? ಗೊತ್ತಿರುವವರು ಹೇಳಿ.

ಹುಬ್ಬಳ್ಳಿ ಚಹಾ · ಸೋಮವಾರ ರಾತ್ರಿ 10.05

ಒಬ್ಬ ಮನುಷ್ಯ ಒಂದು ದಿನ ಮೇಲ್ ಓದಿದ್ದಕ್ಕೆ 3,936 ಡಾಲರ್ ರೊಕ್ಕಾ? ನಾನು ಓದಿ ಕೊಡುತ್ತೇನೆ ಸರ್, ಚಹಾ ಕೊಡಿಸಿದರೆ ಸಾಕು.

ಎಡಿಸನ್ ಕರಿಕೋಟು · ಮಂಗಳವಾರ ಬೆಳಿಗ್ಗೆ 6.30

ನಾನು ನ್ಯೂಜೆರ್ಸಿಯಲ್ಲಿ ವಕೀಲ, ಊರು ತಿಪಟೂರು. ಇದನ್ನು ಕಾನೂನು ಸಲಹೆ ಅಂದುಕೊಳ್ಳಬೇಡಿ, ಸಲಹೆಗೆ ನಿಮ್ಮ ವಕೀಲರಿದ್ದಾರೆ. ಕಟ್ಟೆಯ ಮಾತು ಅಂತ ಓದಿ.

ದರದ ಮೇಲೆ ಜಗಳ ಆಡಬೇಡಿ. 410ನ್ನು 370ಕ್ಕೆ ಇಳಿಸಿಕೊಂಡರೆ ಹತ್ತು ಪರ್ಸೆಂಟ್ ಉಳಿಯುತ್ತದೆ. ನಿಮ್ಮ ದುಡ್ಡು ಸೋರುತ್ತಿರುವ ತೂತು ಅದಲ್ಲ. 2012ರಲ್ಲಿ ರ‍್ಯಾಂಡ್ ಸಂಸ್ಥೆ ಎಂಟು ದೊಡ್ಡ ಕಂಪನಿಗಳ 57 ಕೇಸುಗಳ ಲೆಕ್ಕ ತೆಗೆದು ನೋಡಿತ್ತು. ದಾಖಲೆ ಹುಡುಕಿ ಎದುರು ಪಾರ್ಟಿಗೆ ಕೊಡುವ ಕೆಲಸಕ್ಕೆ ಒಂದು ಡಾಲರ್ ಖರ್ಚಾದರೆ, 73 ಸೆಂಟು ಹೋಗುವುದು ಓದುವುದಕ್ಕೆ. 19 ಸೆಂಟು ಪ್ರೊಸೆಸಿಂಗ್‌ಗೆ, ಬರೀ 8 ಸೆಂಟು ಸಂಗ್ರಹಕ್ಕೆ. ಹಾಗಾಗಿ ಓದಬೇಕಾದ ರಾಶಿಯೇ ಚಿಕ್ಕದಾಗಬೇಕು. ರಾಶಿ ಎಷ್ಟು ದೊಡ್ಡದು ಅನ್ನುವುದು ರಿವ್ಯೂ ಶುರುವಾಗುವ ಮುಂಚೆಯೇ ನಿರ್ಧಾರ ಆಗಿಬಿಡುತ್ತದೆ. ಆಮೇಲೆ ಬಿಲ್ ಹಿಡಿದುಕೊಂಡು ಕೂಗಾಡುವುದು ಮಳೆ ನಿಂತ ಮೇಲೆ ಛತ್ರಿ ಹುಡುಕಿದ ಹಾಗೆ.

ಒಂದು ಪ್ರಶ್ನೆ: ಡೇಟಾ ಕಳಿಸಿದ್ದು ಯಾರು? ಏನೇನು ಕಳಿಸಿದಿರಿ?

ಆದರೂ ಆ ಸಾಲಿನ ಬಗ್ಗೆ ಹೇಳಲೇಬೇಕು. ನಾಲ್ಕು ಕೆಲಸ ಕಟ್ಟಿ ಒಂದೇ ಮೂಟೆ ಮಾಡಿ 9.6 ಅಂತ ಹಾಕುವುದಕ್ಕೆ ಇಲ್ಲಿ ಬ್ಲಾಕ್ ಬಿಲ್ಲಿಂಗ್ ಅನ್ನುತ್ತಾರೆ. ಅದರಲ್ಲಿ ಓದಿದ್ದು ಎಷ್ಟು, ಹರಟಿದ್ದು ಎಷ್ಟು ಯಾರಿಗೂ ಗೊತ್ತಾಗಲ್ಲ. ಕೆಲಸಕ್ಕೊಂದು ಸಾಲು, 0.1 ಗಂಟೆಯ ಲೆಕ್ಕದಲ್ಲಿ, ಕೋಡ್ ಹಾಕಿ ಕೊಡಿ ಅಂತ ಕೇಳಿ. ದಾಖಲೆ ಕೊಡುವ ಕೆಲಸಕ್ಕೆ ಎಲ್320, ಇ-ಡಿಸ್ಕವರಿ (ಕಂಪ್ಯೂಟರಿನಲ್ಲಿರುವ ದಾಖಲೆ ಹುಡುಕಿ ಕೊಡುವುದು) ರಿವ್ಯೂಗೆ ಎಲ್650 ಅಂತ ಕೋಡ್‌ಗಳೇ ಇವೆ. ಕೇಳಿದರೆ ಕೊಡುತ್ತಾರೆ. ಕೇಳದಿದ್ದರೆ ಯಾಕೆ ಕೊಡುತ್ತಾರೆ?

ಪೀಣ್ಯ ಲೆಕ್ಕ · ಮಂಗಳವಾರ ಬೆಳಿಗ್ಗೆ 9.15

ಸರ್, ಧನ್ಯವಾದ. ಕಳಿಸಿದ್ದು ನಮ್ಮ ಐಟಿ ಹುಡುಗ. ‘ಸಂಬಂಧಪಟ್ಟವರ ಮೇಲ್ ಬೇಕು’ ಅಂತ ಅಲ್ಲಿಂದ ಬಂತು. ಇವನು 11 ಜನರ ಮೇಲ್‌ಬಾಕ್ಸ್ ಪೂರ್ತಿ, ಜೊತೆಗೆ ಸೇಲ್ಸ್ ಫೋಲ್ಡರ್ ಪೂರ್ತಿ, 2009ರಿಂದ ಇವತ್ತಿನವರೆಗೆ ಎತ್ತಿ ಕಳಿಸಿಬಿಟ್ಟ. ಕಾಂಟ್ರಾಕ್ಟ್ ಆಗಿದ್ದೇ 2017ರಲ್ಲಿ. ಅವನನ್ನೂ ಬೈಯೋ ಹಾಗಿಲ್ಲ. ಒಂದೇ ರಾತ್ರಿಯಲ್ಲಿ ಕೆಲಸ ಮುಗಿಸಿದೆ ಅಂತ ಅವನಿಗೆ ಖುಷಿ, ನಾನೇ ಭೇಷ್ ಅಂದಿದ್ದೆ.

ರಾತ್ರಿಪಾಳಿ · ಮಂಗಳವಾರ ಬೆಳಿಗ್ಗೆ 11.40

ಈ ರಾಶಿಯ ಇನ್ನೊಂದು ತುದಿಯಲ್ಲಿ ನಾಲ್ಕು ವರ್ಷ ಕೂತಿದ್ದವಳು ನಾನು. ಬೆಂಗಳೂರಿನಲ್ಲೇ, ಒಂದು ಎಲ್‌ಪಿಒದಲ್ಲಿ, ಅಂದರೆ ಕಾನೂನು ಕೆಲಸವನ್ನು ಹೊರಗುತ್ತಿಗೆಯಲ್ಲಿ ಮಾಡಿಕೊಡುವ ಕಂಪನಿಯಲ್ಲಿ. ಎಲ್‌ಎಲ್‌ಬಿ ಮುಗಿಸಿ ಸೀನಿಯರ್ ಹತ್ತಿರ ಸಿಗುತ್ತಿದ್ದ ದುಡ್ಡು ಬಸ್ಸಿಗೇ ಸಾಲುತ್ತಿರಲಿಲ್ಲ, ಅದಕ್ಕೇ ಹೋಗಿದ್ದೆ.

ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ಆಗ ಬಿಲ್ ಅರ್ಥ ಆಗುತ್ತದೆ. ಸ್ಕ್ರೀನಿನ ಎಡಕ್ಕೆ ಒಂದು ಇಮೇಲ್. ಬಲಕ್ಕೆ ಬಟನ್‌ಗಳು: ಸಂಬಂಧ ಇದೆ, ಸಂಬಂಧ ಇಲ್ಲ, ಪ್ರಿವಿಲೆಜ್, ಅನುಮಾನ. ಕೆಳಗೆ ಕೇಸಿನ ವಿಷಯಕ್ಕೊಂದರಂತೆ ಏಳೆಂಟು ಟಿಕ್ ಬಾಕ್ಸ್. ಓದು, ಟಿಕ್ ಹಾಕು, ಸೇವ್ ಒತ್ತು, ಮುಂದಿನದು. ಗಂಟೆಗೆ 50ರಿಂದ 55 ನಮ್ಮ ಟಾರ್ಗೆಟ್. ಮೂಲೆಯಲ್ಲಿ ಒಂದು ಕೌಂಟರ್ ಓಡುತ್ತಿರುತ್ತದೆ. ನೀರು ಕುಡಿಯಲು ಎದ್ದರೂ ಅದು ಕಣ್ಣೆದುರಿಗೇ ಇರುತ್ತದೆ.

ಆ 50ರಲ್ಲಿ ಏನಿರುತ್ತದೆ ಗೊತ್ತಾ? ಕ್ಯಾಂಟೀನ್ ಮೆನು. ಪಾರ್ಕಿಂಗ್‌ನಲ್ಲಿ ಬಿಳಿ ಕಾರಿನ ಲೈಟ್ ಉರಿಯುತ್ತಿದೆ ಅನ್ನುವ ಮೇಲ್. ಅದಕ್ಕೆ ‘ನನ್ನದಲ್ಲ’ ಅಂತ ಒಂಬತ್ತು ಜನ ಎಲ್ಲರಿಗೂ ಹಾಕಿದ ಉತ್ತರ. ಆ ಒಂಬತ್ತೂ 11 ಜನರ ಮೇಲ್‌ಬಾಕ್ಸಿನಲ್ಲಿ ಇರುತ್ತವೆ. ಡೂಪ್ಲಿಕೇಟ್ ತೆಗೆಯದೇ ಇದ್ದರೆ 99 ಸಲ ಬಿಳಿ ಕಾರು ನೋಡಬೇಕು. ಪ್ರತಿ ಸಲವೂ ನಿಮ್ಮ ಮೀಟರ್ ಓಡುತ್ತದೆ.

ದುಡ್ಡು ಜಾಸ್ತಿ ಹಾಳಾಗುವುದು ಇನ್ನೊಂದು ಕಡೆ. ಒಂದು ಕೇಸಿನಲ್ಲಿ ‘ಟೈಗರ್’ ಅಂತ ಮೇಲ್‌ಗಳು ಬರುತ್ತಿದ್ದವು. ಏನೋ ಗುಪ್ತ ಪ್ರಾಜೆಕ್ಟ್ ಇರಬೇಕು ಅಂತ 14 ಜನ ಆರು ದಿನ ಎಲ್ಲದಕ್ಕೂ ‘ಸಂಬಂಧ ಇದೆ’ ಹಾಕಿದೆವು. ಏಳನೇ ದಿನ ಗೊತ್ತಾಯಿತು, ಟೈಗರ್ ಅಂದರೆ ಆ ಕಂಪನಿಯ ಮ್ಯಾನೇಜರ್ ಸಾಕಿದ ನಾಯಿ. ಎಲ್ಲವನ್ನೂ ವಾಪಸ್ ತೆಗೆದು ಮತ್ತೆ ಓದಿದೆವು. ಅದರ ಬಿಲ್ಲೂ ಕಕ್ಷಿಗಾರರಿಗೇ ಹೋಯಿತು. ಕಂಪನಿಯವರು ಯಾರಾದರೂ ಮೊದಲ ದಿನ ಅರ್ಧ ಗಂಟೆ ನಮ್ಮ ಜೊತೆ ಮಾತಾಡಿದ್ದರೆ ಮುಗಿದುಹೋಗುತ್ತಿತ್ತು.

ನೀವು ಈಗಲೇ ಎರಡು ಪುಟದ ಚೀಟಿ ಬರೆಯಿರಿ. ಯಾರು ಯಾರು, ಅಡ್ಡಹೆಸರು ಏನು, ನಿಮ್ಮ ವಕೀಲರ ಹೆಸರುಗಳೇನು, ಯಾವ ಮಾಲಿಗೆ ಆಫೀಸಿನಲ್ಲಿ ಏನು ಅನ್ನುತ್ತೀರಿ, ಯಾವ ಸಪ್ಲೈಯರ್‌ಗೂ ಈ ಕೇಸಿಗೂ ಸಂಬಂಧ ಇಲ್ಲ. ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಹುಬ್ಬಳ್ಳಿ ಚಹಾ · ಮಂಗಳವಾರ ಮಧ್ಯಾಹ್ನ 12.10

ನಾಯಿಗೆ ಆರು ದಿನ! ಆ ನಾಯಿ ನಮ್ಮ ಇಡೀ ಓಣಿಗಿಂತ ಹೆಚ್ಚು ಫೀಸು ತಿಂದಿದೆ.

ಒಂದು ಸಂಶಯ. ಬೆಂಗಳೂರಿನಲ್ಲಿ ಇಷ್ಟು ಜನ ಓದುವವರು ಇದ್ದಾರೆ. ಪೀಣ್ಯದ ಮೇಲ್ ಅಮೆರಿಕಕ್ಕೆ ಹೋಗಿ ಅಲ್ಲಿ 410 ಡಾಲರ್‌ಗೆ ಯಾಕೆ ಓದಿಸಿಕೊಳ್ಳಬೇಕು? ಇಲ್ಲೇ ಓದಿಸಿದರೆ ತಪ್ಪಾ?

ಸಿಟಿ ಸಿವಿಲ್ ಕಟ್ಟೆ · ಮಂಗಳವಾರ ಸಂಜೆ 6.20

ತಪ್ಪಿಲ್ಲ. 2018ರ ಎ.ಕೆ. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಪಿಒ ಕಂಪನಿಗಳ ವಿಷಯವನ್ನೂ ನೋಡಿತು. ಮಾಡುವ ಕೆಲಸದ ತಿರುಳು ವಕೀಲಿಕೆ ಆಗದಿದ್ದರೆ ಅಡ್ವೊಕೇಟ್ಸ್ ಆಕ್ಟ್ ಅಡ್ಡ ಬರುವುದಿಲ್ಲ ಎಂದಿತು. ಅಮೆರಿಕದ ಕಡೆಯಿಂದಲೂ ಅಮೆರಿಕನ್ ಬಾರ್ ಅಸೋಸಿಯೇಷನ್ 2008ರಲ್ಲೇ ಹೊರಗುತ್ತಿಗೆಗೆ ಒಪ್ಪಿದೆ. ಆದರೆ ಮೇಲ್ವಿಚಾರಣೆ, ಗುಟ್ಟು ಕಾಯುವುದು ಎರಡೂ ಅಲ್ಲಿನ ವಕೀಲರ ಜವಾಬ್ದಾರಿ.

ನಮ್ಮಲ್ಲಿ ಈ ತರಹದ ಬಿಲ್ಲೇ ಇಲ್ಲ ಅನ್ನುವುದು ಬೇರೆ ಮಾತು. ಇಲ್ಲಿ ಅಪಿಯರೆನ್ಸ್‌ಗೆ ಇಷ್ಟು, ಡ್ರಾಫ್ಟಿಂಗ್‌ಗೆ ಇಷ್ಟು. ದಾಖಲೆ ಓದುವುದು ಜೂನಿಯರ್ ಕರ್ಮ. ನಾನು ಜೂನಿಯರ್ ಆಗಿದ್ದಾಗ ಒಂದು ಬ್ಯಾಂಕ್ ಕೇಸಿನ ಲೆಡ್ಜರ್‌ಗಳನ್ನು ಇಡೀ ಬೇಸಿಗೆ ರಜೆ ಓದಿದೆ. ಬಿಲ್ಲಿನಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ರಾತ್ರಿಪಾಳಿ · ಮಂಗಳವಾರ ಸಂಜೆ 7.05

ಕಟ್ಟೆ ಸರ್, ಅದನ್ನು ಹೆಮ್ಮೆಯಿಂದ ಹೇಳಬೇಡಿ! ಅದಕ್ಕೇ ಅಲ್ವಾ ನಾವೆಲ್ಲ ರಾತ್ರಿಪಾಳಿಗೆ ಓಡಿದ್ದು.

ಬೆಂಗಳೂರಿನಲ್ಲಿ ಓದಿಸಿದರೆ ದರ ಕಡಿಮೆ, ನಿಜ. ಆದರೆ ಒಂದು ಕಿವಿಮಾತು. ನಮ್ಮ ತಂಡ ಹಾಕಿದ ಟಿಕ್ಕನ್ನು ಅಮೆರಿಕದ ವಕೀಲರು ಎರಡನೇ ಸಲ ನೋಡುತ್ತಾರೆ. ಎಷ್ಟನ್ನು ಅವರು ಬದಲಾಯಿಸಿದರು ಅನ್ನುವ ಲೆಕ್ಕ ಇರುತ್ತದೆ, ಓವರ್‌ಟರ್ನ್ ರೇಟ್ ಅನ್ನುತ್ತಾರೆ. ಅದನ್ನು ವಾರವಾರ ಕೇಳಿ. ಅದು ಜಾಸ್ತಿ ಇದ್ದರೆ ನೀವು ಅಗ್ಗದಲ್ಲಿ ಒಂದು ಸಲ, ತುಟ್ಟಿಯಲ್ಲಿ ಇನ್ನೊಂದು ಸಲ ಓದಿಸುತ್ತಿದ್ದೀರಿ ಅಂತ ಅರ್ಥ. ಗಂಟೆಯ ದರ ನೋಡಬೇಡಿ. ಎಲ್ಲ ಮುಗಿದ ಮೇಲೆ ಒಂದು ಡಾಕ್ಯುಮೆಂಟಿಗೆ ಎಷ್ಟು ಬಿತ್ತು, ಅದನ್ನು ನೋಡಿ.

ಪೀಣ್ಯ ಲೆಕ್ಕ · ಮಂಗಳವಾರ ರಾತ್ರಿ 8.30

ಹಾಗಾದರೆ ಗಂಟೆಯ ಲೆಕ್ಕವೇ ಬೇಡ, ಡಾಕ್ಯುಮೆಂಟಿಗೆ ಇಷ್ಟು ಅಂತ ಫಿಕ್ಸ್ ಮಾಡಿಬಿಡಲಾ? ನಮ್ಮ ಫ್ಯಾಕ್ಟರಿಯಲ್ಲಿ ಪೀಸ್ ರೇಟ್ ಇದ್ದ ಹಾಗೆ.

ಎಡಿಸನ್ ಕರಿಕೋಟು · ಬುಧವಾರ ಬೆಳಿಗ್ಗೆ 5.55

ಮಾಡಬಹುದು, ಮಾಡುವವರೂ ಇದ್ದಾರೆ. ಆದರೆ ಪೀಸ್ ರೇಟಿನಲ್ಲಿ ಏನಾಗುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಪೀಸು ಜಾಸ್ತಿ ಬರುತ್ತದೆ, ರಿಜೆಕ್ಷನ್ನೂ ಜಾಸ್ತಿ ಆಗುತ್ತದೆ. ಮೊದಲ ಸುತ್ತಿಗೆ ಪೀಸ್ ರೇಟ್ ಇಟ್ಟು, ಪ್ರಿವಿಲೆಜ್ ಸುತ್ತಿಗೆ ಗಂಟೆ ಲೆಕ್ಕ ಇಡಿ, ಅದಕ್ಕೊಂದು ಮೇಲ್ಮಿತಿ ಹಾಕಿ. ಪ್ರಿವಿಲೆಜ್ ಸುತ್ತಿನಲ್ಲಿ ಅವಸರ ಮಾಡಿಸಬೇಡಿ.

ಇನ್ನೊಂದು ಮುಖ್ಯ ವಿಷಯ ಬಿಟ್ಟುಬಿಟ್ಟಿದ್ದೆ. ನಿಮ್ಮ ಬಿಲ್ಲಿನಲ್ಲಿ ಓದಿದವರು ಫರ್ಮಿನ ಅಸೋಸಿಯೇಟ್‌ಗಳಾ, ಏಜೆನ್ಸಿಯಿಂದ ಬಂದ ಕಾಂಟ್ರಾಕ್ಟ್ ವಕೀಲರಾ? 2015ರಲ್ಲಿ ಸೆಕೆಂಡ್ ಸರ್ಕಿಟ್ ಅನ್ನುವ ಫೆಡರಲ್ ಅಪೀಲು ಕೋರ್ಟಿನ ಮುಂದೆ ಡೇವಿಡ್ ಲೋಲಾ ಅನ್ನುವವರ ಕೇಸು ಬಂದಿತ್ತು. ಗಂಟೆಗೆ 25 ಡಾಲರ್‌ಗೆ ಡಾಕ್ಯುಮೆಂಟ್ ರಿವ್ಯೂ ಮಾಡುತ್ತಿದ್ದ ವಕೀಲರು. ‘ನಾನು ಮಾಡಿದ್ದು ವಕೀಲಿಕೆಯೇ ಅಲ್ಲ, ಓವರ್‌ಟೈಮ್ ಕೊಡಿ’ ಅಂತ ದಾವೆ. ಕೋರ್ಟು ಅವರ ದಾವೆಯನ್ನು ಮುಂದುವರಿಸಲು ಬಿಟ್ಟಿತು. ಅವರು ಹೇಳುವ ಪ್ರಕಾರ ಇದು ಯಂತ್ರ ಮಾಡಬಹುದಾದ ಕೆಲಸ, ಸ್ವಂತ ವಿವೇಚನೆ ಬಳಸಿದ್ದು ಇದರಲ್ಲಿ ಇಲ್ಲ ಅಂತ.

ಈಗ ಕಾಂಟ್ರಾಕ್ಟ್ ವಕೀಲರ ಬಿಲ್ಲಿಗೆ ಬನ್ನಿ. ಅಮೆರಿಕನ್ ಬಾರ್ ಅಸೋಸಿಯೇಷನ್ 2000ದಲ್ಲಿ ಒಂದು ಅಭಿಪ್ರಾಯ ಕೊಟ್ಟಿದೆ. ಅವರ ಕೆಲಸವನ್ನು ‘ಫೀಸು’ ಅಂತ ಹಾಕಿದರೆ ಫರ್ಮು ತನ್ನ ಲಾಭ ಸೇರಿಸಿಕೊಳ್ಳಬಹುದು, ಒಟ್ಟು ಮೊತ್ತ ನ್ಯಾಯವಾಗಿದ್ದರೆ ಸಾಕು. ‘ಖರ್ಚು’ ಅಂತ ಹಾಕಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಫರ್ಮು ನಿಜವಾಗಿ ಕೊಟ್ಟ ದುಡ್ಡಷ್ಟೇ ಕೇಳಬೇಕು. ಕಾಲಂ ಯಾವುದು ಅನ್ನುವುದರ ಮೇಲೆ ದುಡ್ಡು ನಿಂತಿದೆ. ನೀವು ಅಕೌಂಟ್ಸ್‌ನವರು, ಜಾಸ್ತಿ ಹೇಳಬೇಕಿಲ್ಲ.

ಸರ್ವರ್ ರೂಮ್ · ಬುಧವಾರ ಬೆಳಿಗ್ಗೆ 10.20

ನಾನು ಐಟಿ ಕಡೆಯವನು, ಇಂಥ ಡೇಟಾ ಎತ್ತಿ ಕೊಡುವುದೇ ಕೆಲಸ. ಪೀಣ್ಯ ಸರ್, ನಿಮ್ಮ ವೆಂಡರ್‌ಗೆ ಇವತ್ತೇ ಒಂದು ಮೇಲ್ ಹಾಕಿ. ಹಂತ ಹಂತವಾಗಿ ಎಷ್ಟು ಡಾಕ್ಯುಮೆಂಟ್ ಉಳಿಯುತ್ತದೆ ಅಂತ ಲೆಕ್ಕ ಕೇಳಿ. ಮೊದಲು ಸಿಸ್ಟಂ ಫೈಲ್‌ಗಳು ಹೋಗಲಿ, ಅದಕ್ಕೆ ಅಮೆರಿಕದ ನಿಸ್ಟ್ ಸಂಸ್ಥೆಯ ಪಟ್ಟಿಯೇ ಇದೆ. ಆಮೇಲೆ ಹ್ಯಾಶ್ (ಪ್ರತಿ ಫೈಲಿಗೂ ಇರುವ ಬೆರಳಚ್ಚಿನಂಥ ಸಂಖ್ಯೆ) ನೋಡಿ ಡೂಪ್ಲಿಕೇಟ್ ತೆಗೆಯುವುದು, 11 ಜನರಿಗೂ ಸೇರಿಸಿ. ಒಬ್ಬೊಬ್ಬರಿಗೆ ಬೇರೆ ಬೇರೆ ತೆಗೆದರೆ ಬಿಳಿ ಕಾರು ಹಾಗೇ ಉಳಿಯುತ್ತದೆ. ಆಮೇಲೆ ತಾರೀಖು. ಆಮೇಲೆ ಡೊಮೇನ್: ಬ್ಯಾಂಕಿನ ಒಟಿಪಿ, ನ್ಯೂಸ್‌ಲೆಟರ್, ರೈಲ್ವೆ ಟಿಕೆಟ್ ಎಲ್ಲ ಹೊರಗೆ. ಕೊನೆಗೆ ಥ್ರೆಡಿಂಗ್. 14 ಸಲ ಹೋಗಿಬಂದ ಮೇಲಿನಲ್ಲಿ ಕೊನೆಯದರಲ್ಲೇ ಹಿಂದಿನದೆಲ್ಲ ಇರುತ್ತದೆ. ಅದೊಂದನ್ನು ಓದಿದರೆ ಸಾಕು, ಮಧ್ಯದಲ್ಲಿ ಕವಲು ಒಡೆದಿದ್ದರೆ, ಬೇರೆ ಅಟ್ಯಾಚ್‌ಮೆಂಟ್ ಇದ್ದರೆ ಮಾತ್ರ ಅದನ್ನೂ ಎತ್ತಿಕೊಡುತ್ತದೆ.

ಇನ್ನು ನಮ್ಮವರಿಗೇ ಇರುವ ಒಂದು ಕಾಟ. ನಿಮ್ಮ ಆಫೀಸಿನಲ್ಲಿ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳೇ ಫೈಲ್‌ಗಳಿವೆಯಾ?

ಪೀಣ್ಯ ಲೆಕ್ಕ · ಬುಧವಾರ ಬೆಳಿಗ್ಗೆ 10.45

ಇವೆ ಸರ್! ಡಿಸ್ಪ್ಯಾಚ್ ಸೆಕ್ಷನ್ನಿನವರು ಚೀಟಿ, ಪತ್ರ ಎಲ್ಲ ನುಡಿಯಲ್ಲೇ ಮಾಡುತ್ತಾರೆ. ಯಾಕೆ?

ಸರ್ವರ್ ರೂಮ್ · ಬುಧವಾರ ಬೆಳಿಗ್ಗೆ 11.30

ಹಳೇ ನುಡಿ, ಹಳೇ ಬರಹ ಫೈಲ್‌ಗಳು ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಕಸ. ರಿವ್ಯೂ ಸಾಫ್ಟ್‌ವೇರ್‌ಗೂ ಅದು ಕಸವೇ. ಹುಡುಕಿದರೆ ಸಿಗಲ್ಲ. ಅಮೆರಿಕದ ರಿವ್ಯೂವರ್ ‘ಫೈಲ್ ಕೆಟ್ಟಿದೆ’ ಅಂತ ಟಿಕ್ ಹಾಕಿ, ಆಮೇಲೆ ಇನ್ನೊಬ್ಬರು ‘ಏನಿದು’ ಅಂತ ನೋಡಿ, ಕೊನೆಗೆ ಅನುವಾದಕ್ಕೆ ಕಳಿಸಿ… ಒಂದು ಚೀಟಿಗೆ ಮೂರು ಬಿಲ್. ಮೊದಲೇ ಇಲ್ಲೇ ಯೂನಿಕೋಡ್‌ಗೆ ಬದಲಾಯಿಸಿ, ಪ್ರತಿ ಮಾಡಿಕೊಂಡು ಕಳಿಸಿ. ಮೂಲ ಫೈಲ್ ಮಾತ್ರ ಮುಟ್ಟಬೇಡಿ.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಇನ್ನೂ ಮಜಾ. ‘ಮಾಲು ನಾಳೆ ಕಳಿಸ್ತೀನಿ’ ಅನ್ನುವುದನ್ನು ನಿಮ್ಮ ಆಫೀಸಿನಲ್ಲಿ ಐದು ಜನ ಐದು ಸ್ಪೆಲ್ಲಿಂಗಿನಲ್ಲಿ ಬರೆದಿರುತ್ತಾರೆ. ‘ಶಿಪ್‌ಮೆಂಟ್’ ಅಂತ ಹುಡುಕಿದರೆ ಒಂದೂ ಸಿಗಲ್ಲ.

ಎಡಿಸನ್ ಕರಿಕೋಟು · ಗುರುವಾರ ಬೆಳಿಗ್ಗೆ 6.10

ಸರ್ವರ್ ರೂಮ್ ಹೇಳಿದ್ದು ಕನ್ನಡಕ್ಕೆ ಮಾತ್ರ ಅಲ್ಲ. 1985ರಲ್ಲಿ ಬ್ಲೇರ್ ಮತ್ತು ಮ್ಯಾರನ್ ಅನ್ನುವ ಇಬ್ಬರು ಒಂದು ದೊಡ್ಡ ಕೇಸಿನ ಸುಮಾರು 40,000 ದಾಖಲೆಗಳ ಮೇಲೆ ಪರೀಕ್ಷೆ ಮಾಡಿದರು. ಕೀವರ್ಡ್ ಹಾಕಿ ಹುಡುಕಿದ ವಕೀಲರಿಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ಸಿಕ್ಕಿದೆ ಅನ್ನುವ ನಂಬಿಕೆ. ನಿಜವಾಗಿ ಸಿಕ್ಕಿದ್ದು ಸುಮಾರು 20 ಪರ್ಸೆಂಟ್. ಒಬ್ಬರು ಅಪಘಾತ ಅಂತ ಬರೆದದ್ದನ್ನು ಇನ್ನೊಬ್ಬರು ಘಟನೆ ಅಂತಲೋ ಸಮಸ್ಯೆ ಅಂತಲೋ ಬರೆದಿದ್ದರು. ಹಾಗಾಗಿ ಕೀವರ್ಡ್ ಪಟ್ಟಿಯನ್ನು ವಕೀಲರು ಕೂತು ಊಹಿಸಬಾರದು. ನಿಮ್ಮ ಡಿಸ್ಪ್ಯಾಚ್‌ನವರನ್ನು ಕೇಳಬೇಕು.

ರಾಶಿ ಇನ್ನೂ ದೊಡ್ಡದಿದ್ದರೆ ಯಂತ್ರಕ್ಕೆ ಕಲಿಸಿ ಓದಿಸಬಹುದು. 2012ರಲ್ಲಿ ನ್ಯೂಯಾರ್ಕಿನ ಜಡ್ಜ್ ಆಂಡ್ರ್ಯೂ ಪೆಕ್ ಡ ಸಿಲ್ವಾ ಮೂರ್ ಕೇಸಿನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. 2016ರಲ್ಲಿ ಇಂಗ್ಲೆಂಡಿನಲ್ಲಿ ಪಿರ್ರೊ ಕೇಸು, ಅಲ್ಲಿ 30 ಲಕ್ಷಕ್ಕೂ ಮೇಲೆ ದಾಖಲೆ ಇತ್ತು. ನಿಮ್ಮಂಥ ಕೇಸಿನಲ್ಲಿ ಅದರಿಂದ ಮುಖ್ಯ ಉಪಯೋಗ ಅಂದರೆ ಮುಖ್ಯವಾದವು ಮೊದಲು ಮೇಲೆ ಬರುತ್ತವೆ. ತಳದಲ್ಲಿ ಉಳಿದದ್ದನ್ನು ಸ್ಯಾಂಪಲ್ ತೆಗೆದು ನೋಡಿ ನಿಲ್ಲಿಸಬಹುದು.

ಮತ್ತೆ, ನಿಮ್ಮ ವಕೀಲರನ್ನು ಕೇಳಬೇಕಾದ ಎರಡು. ಒಂದು, ಎವಿಡೆನ್ಸ್ ನಿಯಮದ 502(ಡಿ) ಆರ್ಡರ್ ತೆಗೆದುಕೊಂಡಿದ್ದೀರಾ? ಅದು ಇದ್ದರೆ ಕಣ್ತಪ್ಪಿ ಪ್ರಿವಿಲೆಜ್ ಇರುವ ಮೇಲ್ ಎದುರು ಪಾರ್ಟಿಗೆ ಹೋದರೂ ಹಕ್ಕು ಹೋಗುವುದಿಲ್ಲ, ವಾಪಸ್ ಕೇಳಬಹುದು. ಪ್ರತಿ ಮೇಲನ್ನೂ ಮೂರು ಸಲ ಓದುವ ಹೆದರಿಕೆ ತಪ್ಪುತ್ತದೆ. ಎರಡು, 11 ಜನ ಯಾಕೆ? 2015ರ ತಿದ್ದುಪಡಿ ಆದಮೇಲೆ ಸಿವಿಲ್ ಪ್ರೊಸೀಜರ್ ನಿಯಮ 26ರಲ್ಲೇ ಇದೆ: ಕೇಳುವ ದಾಖಲೆ ಕೇಸಿನ ತೂಕಕ್ಕೆ ತಕ್ಕ ಹಾಗೆ ಇರಬೇಕು. ಎದುರು ವಕೀಲರ ಜೊತೆ ಕೂತು ನಾಲ್ಕೋ ಐದೋ ಜನ ಅಂತ ಒಪ್ಪಿಕೊಳ್ಳಬಹುದು.

ಹುಬ್ಬಳ್ಳಿ ಚಹಾ · ಗುರುವಾರ ಬೆಳಿಗ್ಗೆ 9.00

ಇಷ್ಟೆಲ್ಲ ಯಾಕೆ? ಬೇಡದ ಹಳೇ ಮೇಲ್ ಎಲ್ಲ ಡಿಲೀಟ್ ಮಾಡಿದರೆ ಓದುವ ಗೋಜೇ ಇಲ್ಲವಲ್ಲ.

ಎಡಿಸನ್ ಕರಿಕೋಟು · ಗುರುವಾರ ಬೆಳಿಗ್ಗೆ 9.04

ಖಬರ್ದಾರ್! ಪೀಣ್ಯ ಸರ್, ದಯವಿಟ್ಟು ಈ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಇದನ್ನು ಬರೆಯುವುದಕ್ಕೆ ಹಾಸಿಗೆಯಿಂದ ಎದ್ದು ಬಂದಿದ್ದೇನೆ.

ಓದುವುದನ್ನು ಕಡಿಮೆ ಮಾಡಬಹುದು. ಇಟ್ಟುಕೊಳ್ಳುವುದನ್ನು ಕಡಿಮೆ ಮಾಡುವ ಹಾಗಿಲ್ಲ. ಕೇಸು ಬರುತ್ತದೆ ಅಂತ ಗೊತ್ತಾದ ಕ್ಷಣದಿಂದ ಏನೂ ಅಳಿಸಬಾರದು. ಝುಬುಲೇಕ್ ಕೇಸಿನಲ್ಲಿ ಪ್ರತಿವಾದಿ ಕಂಪನಿಯವರು ಮೇಲ್ ಅಳಿಸಿದ್ದಕ್ಕೆ ಜಡ್ಜ್ ಶೈಂಡ್ಲಿನ್ ಜೂರಿಗೆ ‘ಅಳಿಸಿದ್ದರಲ್ಲಿ ಇವರಿಗೆ ವಿರುದ್ಧವಾದದ್ದೇ ಇತ್ತು ಅಂತ ನೀವು ಅಂದುಕೊಳ್ಳಬಹುದು’ ಎಂದು ಸೂಚಿಸಲು ಒಪ್ಪಿದರು. 2005ರಲ್ಲಿ ಜೂರಿ ದಾವೆ ಹಾಕಿದವರಿಗೆ ಕೊಡಿಸಿದ್ದು 2.9 ಕೋಟಿ ಡಾಲರ್‌ಗೂ ಮೇಲೆ. ಅಳಿಸದೇ ಇದ್ದು, ಹುಡುಕದೇ ಬಿಟ್ಟರೂ ಕಷ್ಟ. ಕ್ವಾಲ್‌ಕಾಮ್, ಬ್ರಾಡ್‌ಕಾಮ್ ನಡುವಿನ ಕೇಸಿನಲ್ಲಿ ಕ್ವಾಲ್‌ಕಾಮ್ 46,000ಕ್ಕೂ ಹೆಚ್ಚು ದಾಖಲೆ ಕೊಡದೇ ಉಳಿಸಿಕೊಂಡಿತ್ತು. 2008ರಲ್ಲಿ ಕೋರ್ಟು ಎದುರು ಪಾರ್ಟಿಯ ಖರ್ಚು 85 ಲಕ್ಷ ಡಾಲರ್ ಕೊಡಿಸಿತು. ರಿವ್ಯೂ ಬಿಲ್ ಉಳಿಸಲು ಹೋಗಿ ಅಲ್ಲಿಗೆ ಮುಟ್ಟಬೇಡಿ.

ಹುಬ್ಬಳ್ಳಿ ಚಹಾ · ಗುರುವಾರ ಬೆಳಿಗ್ಗೆ 9.20

ತಪ್ಪಾಯಿತು ವಕೀಲರೇ, ಮಲಗಿ. ಕೊನೇ ಪ್ರಶ್ನೆ: ಗೆದ್ದರೆ ಈ ರೊಕ್ಕ ಎದುರಿನವರಿಂದ ವಾಪಸ್ ಬರುತ್ತಾ?

ಎಡಿಸನ್ ಕರಿಕೋಟು · ಗುರುವಾರ ಬೆಳಿಗ್ಗೆ 9.31

ಅಮೆರಿಕದಲ್ಲಿ ಸಾಮಾನ್ಯವಾಗಿ ಇಲ್ಲ. ಗೆದ್ದವರ ವಕೀಲರ ಫೀಸು ಗೆದ್ದವರದೇ. ಕಾಂಟ್ರಾಕ್ಟಿನಲ್ಲಿ ಬರೆದಿದ್ದರೆ, ಕಾನೂನೇ ಕೊಡಿಸಿದರೆ ಬೇರೆ. ನ್ಯೂಜೆರ್ಸಿ ಬರುವ ಥರ್ಡ್ ಸರ್ಕಿಟ್‌ನಲ್ಲಿ 2012ರ ರೇಸ್ ಟೈರ್ಸ್ ತೀರ್ಪು ಇದೆ. ಗೆದ್ದವರಿಗೆ ಕೆಳಗಿನ ಕೋರ್ಟು 3.65 ಲಕ್ಷ ಡಾಲರ್‌ಗೂ ಹೆಚ್ಚು ಇ-ಡಿಸ್ಕವರಿ ಖರ್ಚು ಕೊಡಿಸಿತ್ತು. ಮೇಲಿನ ಕೋರ್ಟು ಸ್ಕ್ಯಾನಿಂಗ್, ಪ್ರತಿ ತೆಗೆದ ಖರ್ಚು ಇಂಥದ್ದಷ್ಟೇ ಉಳಿಸಿ 30,000ದ ಆಸುಪಾಸಿಗೆ ಇಳಿಸಿತು. ಕಾಂಟ್ರಾಕ್ಟಿನಲ್ಲಿ ಫೀಸಿನ ಕಲಂ ಇದೆಯಾ ನೋಡಿ. ಈಗ ನಿಜವಾಗಿ ಮಲಗುತ್ತೇನೆ.

ಸಿಟಿ ಸಿವಿಲ್ ಕಟ್ಟೆ · ಗುರುವಾರ ಸಂಜೆ 5.50

ಇಲ್ಲಿ ಕಮರ್ಷಿಯಲ್ ಕೋರ್ಟಿನಲ್ಲಿ ಲೆಕ್ಕ ಬೇರೆ. ಅಲ್ಲಿ ಸೋತವರು ಖರ್ಚು ಕೊಡುವುದೇ ಸಾಮಾನ್ಯ ನಿಯಮ ಅಂತ ಸಿವಿಲ್ ಪ್ರೊಸೀಜರ್ ಕೋಡಿನ ಸೆಕ್ಷನ್ 35ರಲ್ಲಿದೆ, ವಕೀಲರ ಫೀಸೂ ಸೇರಿ. ಎಷ್ಟು ಕೊಡಿಸುತ್ತಾರೆ ಅನ್ನುವುದು ದೇವರಿಗೆ ಬಿಟ್ಟಿದ್ದು. ದಾಖಲೆಗಳನ್ನೂ ಎದುರು ಪಾರ್ಟಿ ಕೇಳುವವರೆಗೆ ಕಾಯುವ ಹಾಗಿಲ್ಲ. ಆರ್ಡರ್ 11ರ ಪ್ರಕಾರ ಕೇಸಿಗೆ ಸಂಬಂಧಪಟ್ಟು ಕೈಯಲ್ಲಿರುವುದೆಲ್ಲ, ನಮಗೆ ವಿರುದ್ಧವಾದದ್ದೂ ಸೇರಿ, ದಾವೆಯ ಜೊತೆಗೇ ಹಾಕಿ ‘ಇನ್ನೇನೂ ಇಲ್ಲ’ ಅಂತ ಪ್ರಮಾಣ ಮಾಡಬೇಕು. ಹಾಗಾಗಿ ಇಲ್ಲಿ ರಾಶಿ ಜರಡಿ ಹಿಡಿಯುವ ಕೆಲಸ ಕೋರ್ಟಿಗೆ ಹೋಗುವ ಮುಂಚೆಯೇ.

ಪೀಣ್ಯದವರೇ, ಇದೇ ವಿಷಯದಲ್ಲಿ ಬೆಂಗಳೂರಿನಲ್ಲೂ ಕೇಸು ಬರುವ ಸಾಧ್ಯತೆ ಇದ್ದರೆ ಒಂದು ಕೆಲಸ ಮಾಡಿ. ಈಗ ಡೇಟಾ ತೆಗೆಯುವಾಗಲೇ ಹ್ಯಾಶ್ ರಿಪೋರ್ಟ್ ತೆಗೆದಿಡಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟಿಗೆ ಎರಡು ಭಾಗ: ಒಂದು ನಿಮ್ಮವರದು, ಒಂದು ಎಕ್ಸ್‌ಪರ್ಟ್‌ದು. ಎರಡರಲ್ಲೂ ಹ್ಯಾಶ್ ಕೇಳುತ್ತಾರೆ. ಆಮೇಲೆ ಮತ್ತೆ ಮೊದಲಿನಿಂದ ತೆಗೆಸಿದರೆ ಅದಕ್ಕೊಂದು ಬಿಲ್.

ಪೀಣ್ಯ ಲೆಕ್ಕ · ಮೂರು ವಾರದ ನಂತರ, ಶನಿವಾರ ರಾತ್ರಿ 9.10

ತಡವಾಗಿದ್ದಕ್ಕೆ ಕ್ಷಮೆ ಇರಲಿ. ಆದದ್ದನ್ನು ಹೇಳುತ್ತೇನೆ.

ವೆಂಡರ್ ಲೆಕ್ಕ ಬಂತು. ಮೂಲ ರಾಶಿ 3,12,000. ಎಲ್ಲರಿಗೂ ಸೇರಿಸಿ ಡೂಪ್ಲಿಕೇಟ್ ತೆಗೆದ ಮೇಲೆ 1,84,000. 2016ರಿಂದ ಈಚೆಗೆ ಅಂತ ತಾರೀಖು ಹಾಕಿದರೆ 96,000. ಡೊಮೇನ್ ತೆಗೆದರೆ 71,000. ಥ್ರೆಡಿಂಗ್ ಆದ ಮೇಲೆ 48,000. ರಾತ್ರಿಪಾಳಿ ಮೇಡಂ ಹೇಳಿದ ಗಂಟೆಗೆ 50ರ ಲೆಕ್ಕದಲ್ಲಿ ಹಾಕಿದೆ. ಮೊದಲಿನ ರಾಶಿಗೆ 6,240 ಗಂಟೆ. ಈಗ 960. ಇನ್ನೂ ಒಂದು ದರವೂ ಇಳಿದಿಲ್ಲ! ಯಜಮಾನರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಫರ್ಮಿನ ಪಾರ್ಟ್‌ನರ್ ಜೊತೆ ಕಾಲ್ ಆಯಿತು. ನನಗೆ ಒಳಗೊಳಗೇ ಭಯ, ಕೋಪ ಮಾಡಿಕೊಂಡು ಕೇಸು ಹಾಳು ಮಾಡಿಬಿಟ್ಟರೆ ಅಂತ. ಆ ಮನುಷ್ಯ ನಕ್ಕು, ‘ಇದನ್ನು ಮೊದಲೇ ಕೇಳಬಹುದಿತ್ತಲ್ಲ’ ಅಂದರು. ಮೊದಲೇ ಅವರೇ ಹೇಳಬಹುದಿತ್ತು, ಆ ಮಾತು ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. 9.6ರಂಥ ಸಾಲುಗಳನ್ನು ಬಿಡಿಸಿ ಕೊಟ್ಟರು. ಬಿಡಿಸುವಾಗ ಇಬ್ಬರು ಹೊಸಬರಿಗೆ ಕೇಸು ಅರ್ಥ ಮಾಡಿಸಿದ ಗಂಟೆಗಳು ಹೊರಗೆ ಬಿದ್ದವು. ಅದನ್ನು ತೆಗೆದುಹಾಕಿದರು. ಕಾಂಟ್ರಾಕ್ಟ್ ವಕೀಲರು ‘ಫೀಸು’ ಕಾಲಂನಲ್ಲೇ ಇದ್ದರು. ಮುಂದಿನ ತಿಂಗಳಿಂದ ‘ಖರ್ಚು’ ಕಾಲಂಗೆ. ಇದಕ್ಕೆ ಮಾತ್ರ ಸ್ವಲ್ಪ ಎಳೆದಾಡಿದರು. ಎದುರು ವಕೀಲರು 11ರ ಬದಲು ಆರು ಜನಕ್ಕೆ ಒಪ್ಪಿದ್ದಾರೆ. 502(ಡಿ) ಅರ್ಜಿ ಹಾಕುತ್ತಿದ್ದಾರೆ. ಫೀಸಿನ ಕಲಂ ಕಾಂಟ್ರಾಕ್ಟಿನಲ್ಲಿ ಇಲ್ಲ.

ಎರಡು ಪುಟದ ಚೀಟಿ ಐದು ಪುಟ ಆಯಿತು. ಡಿಸ್ಪ್ಯಾಚ್‌ನವರು ಅಮೆರಿಕದ ಆ ಪಾರ್ಟಿಗೆ ‘ದೊಡ್ಡಪ್ಪ’ ಅನ್ನುತ್ತಿದ್ದರಂತೆ. ‘ದೊಡ್ಡಪ್ಪನ ಲೋಡು ಹೋಯ್ತು’ ಅಂತ ಮೇಲ್‌ಗಳು. ನನಗೇ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಮೂರು ಸ್ಪೆಲ್ಲಿಂಗ್ ಸಿಕ್ಕಿವೆ, ಮೂರನ್ನೂ ಪಟ್ಟಿಗೆ ಸೇರಿಸಿದೆ.

ರಾತ್ರಿಪಾಳಿ · ಶನಿವಾರ ರಾತ್ರಿ 9.25

ದೊಡ್ಡಪ್ಪ! ಇದನ್ನು ನಾನು ಓದಿದ್ದರೆ ‘ಕುಟುಂಬದ ವಿಷಯ, ಸಂಬಂಧ ಇಲ್ಲ’ ಅಂತ ಟಿಕ್ ಹಾಕಿ ಮುಂದೆ ಹೋಗುತ್ತಿದ್ದೆ.

ಸರ್ವರ್ ರೂಮ್ · ಶನಿವಾರ ರಾತ್ರಿ 9.40

ಎಲ್ಲ ಸರಿ, ಆ 180 ಜಿಬಿ ಹೋಸ್ಟಿಂಗ್ ಏನಾಯಿತು? ಕೇಸು ಸುಮ್ನೆ ಕೂತಿದ್ದರೂ ಆ ಮೀಟರ್ ನಿಲ್ಲಲ್ಲ. ಇಂಥ ಕೇಸು ವರ್ಷಗಟ್ಟಲೆ ಎಳೆಯುತ್ತವೆ.

ಪೀಣ್ಯ ಲೆಕ್ಕ · ಶನಿವಾರ ರಾತ್ರಿ 9.55

ಅದನ್ನು ಹೇಳಲು ನಾಚಿಕೆ ಸರ್. ಯಾವ ಫೈಲ್ ಎಷ್ಟು ಜಾಗ ಹಿಡಿದಿದೆ ಅಂತ ಪಟ್ಟಿ ಕೇಳಿದೆ. 180ರಲ್ಲಿ 60 ಜಿಬಿ ಸೇಲ್ಸ್ ಫೋಲ್ಡರಿನಲ್ಲಿದ್ದ ಆಯುಧ ಪೂಜೆ ವಿಡಿಯೊಗಳು. ಆರು ವರ್ಷದ್ದು. ತಿಂಗಳಿಗೆ 720 ಡಾಲರ್ ಕೊಟ್ಟು ನಮ್ಮ ಲೇತ್ ಮೆಷಿನ್‌ಗೆ ಕುಂಬಳಕಾಯಿ ಒಡೆದಿದ್ದನ್ನು ಅಮೆರಿಕದಲ್ಲಿ ಕಾಪಾಡುತ್ತಿದ್ದೆವು. ಎಡಿಸನ್ ಸರ್ ಹೆದರಬೇಡಿ, ಅಳಿಸಿಲ್ಲ. ವಕೀಲರನ್ನು ಕೇಳಿಯೇ ಹಾರ್ಡ್ ಡಿಸ್ಕಿಗೆ ಇಳಿಸಿ, ಸೀಲ್ ಮಾಡಿ ಬೀರುವಿನಲ್ಲಿ ಇಟ್ಟಿದ್ದೇನೆ. ಬೀರುವಿನ ಕೀ ಯಜಮಾನರ ಹತ್ತಿರ.